ಸೆರಾಮಿಕ್: ಬೆಂದ ಮಣ್ಣಿನ ಮಾತು

ಸೆರಾಮಿಕ್ ಎಂಬ ಮಾತಿನ ತೀರ ಹಳೆಯ ಲಿಖಿತ ಗುರುತು ಉಳಿದುಬಂದಿರುವುದು ಒಂದು ಅಗ್ನಿ ಅನಾಹುತದ ದೆಸೆಯಿಂದ. ಗ್ರೀಸಿನ ನೈಋತ್ಯ ಕರಾವಳಿಯ ಪೈಲೋಸ್‌ನಲ್ಲಿ ಕ್ರಿ.ಪೂ. 1200ರ ಆಸುಪಾಸಿನಲ್ಲಿ ಒಂದು ಅರಮನೆ ಸುಟ್ಟುಹೋಯಿತು. ಅಲ್ಲಿನ ಕರಣಿಕರು ಭೂಮಿ, ದವಸ, ಆಳುಕಾಳುಗಳ ಲೆಕ್ಕವನ್ನು ಹಸಿ ಜೇಡಿಮಣ್ಣಿನ ಪುಟ್ಟ ಹಲಗೆಗಳ ಮೇಲೆ ಗೀಚಿ ಒಣಗಿಸಿ ಇಡುತ್ತಿದ್ದರು. ಸುಡುತ್ತಿರಲಿಲ್ಲ. ನೆನೆದರೆ ಕೆಸರಾಗುವ ಕಡತ ಅದು. ಅರಮನೆಗೆ ಬಿದ್ದ ಬೆಂಕಿ ಮರಮುಟ್ಟುಗಳನ್ನೆಲ್ಲ ನುಂಗಿತು. ಈ ಹಲಗೆಗಳನ್ನು ಮಾತ್ರ ಬೇಯಿಸಿ ಗಟ್ಟಿ ಮಾಡಿಬಿಟ್ಟಿತು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅವು ನೆಲದಡಿಯಲ್ಲಿದ್ದವು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಅವುಗಳ ಮೇಲಿದ್ದ ಲೀನಿಯರ್ ಬಿ ಎಂಬ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ, ಓದಲು ಸಿಕ್ಕ ಪದಗಳಲ್ಲಿ ‘ಕೆ-ರ-ಮೆ-ಉ’ ಎಂಬುದೂ ಒಂದು. ಕುಂಬಾರ ಎಂದು ಅರ್ಥ. ಭೂಲೆಕ್ಕದ ಹಲಗೆಯೊಂದರಲ್ಲಿ ಅರಸನ ಕುಂಬಾರನೊಬ್ಬನ ಹಿಡುವಳಿಯೂ ದಾಖಲಾಗಿದೆ.

ಮುಂದಿನ ಗ್ರೀಕಿನಲ್ಲಿ ಇದು ‘ಕೆರಮೇಉಸ್’ ಆಯಿತು. ಅವನು ಮೆತ್ತುವ ಮಣ್ಣು ‘ಕೆರಮೋಸ್’. ಹಳೆಯ ನಿಘಂಟುಕಾರರು ಇದಕ್ಕೆ ಸುಡುವುದು ಎಂಬರ್ಥದ ಇಂಡೋ-ಯೂರೋಪಿಯನ್ ಧಾತುವೊಂದನ್ನು ಹುಡುಕಿ ಅಂಟಿಸಿದ್ದರು. ಕೇಳಲು ಹಿತವಾಗಿತ್ತು, ನಿಲ್ಲಲಿಲ್ಲ. ಗ್ರೀಕರು ಆ ನೆಲಕ್ಕೆ ಬರುವ ಮೊದಲೇ ಅಲ್ಲಿದ್ದ, ಹೆಸರು ಅಳಿದುಹೋದ ಯಾವುದೋ ನುಡಿಯಿಂದ ಬಂದ ಪದವಿದು ಎಂಬ ಕಡೆಗೆ ಈಚಿನ ವಿದ್ವಾಂಸರ ಒಲವು. ನನಗೂ ಅದೇ ಸರಿ ಎನಿಸುತ್ತದೆ. ಮಣ್ಣಿನ ಕೆಲಸ ನೆಲದವರಿಂದ ಕಲಿಯುವ ಕೆಲಸ. ಯಾವ ಹೊಳೆಯ ದಂಡೆಯ ಮಣ್ಣು ತಿಗುರಿಗೆ ಒಗ್ಗುತ್ತದೆ, ಯಾವುದು ಆವಿಗೆಯಲ್ಲಿ ಬಿರುಕು ಬಿಡುತ್ತದೆ ಎಂಬುದು ಹೊರಗಿನಿಂದ ಬಂದವನಿಗೆ ತಿಳಿಯದು. ಕಸುಬಿನ ಜೊತೆಗೆ ಹೆಸರೂ ಕೈ ಬದಲಾಯಿಸಿರಬೇಕು.

ಅಥೆನ್ಸ್ ನಗರದ ವಾಯವ್ಯಕ್ಕೆ, ಎರಿಡಾನೋಸ್ ಎಂಬ ಸಣ್ಣ ಹೊಳೆಯ ಬದಿಗೆ, ಕುಂಬಾರರ ಒಂದು ಕೇರಿ ಇತ್ತು. ಹೆಸರು ಕೆರಮೈಕೋಸ್. ಕಪ್ಪು ಕೆಂಪು ಚಿತ್ರಗಳ ಹೂಜಿಗಳು ಮೆಡಿಟರೇನಿಯನ್ ಕರಾವಳಿಯುದ್ದಕ್ಕೂ ಹೋದದ್ದು ಅಲ್ಲಿಂದ. ಕೋಟೆಗೋಡೆ ಎದ್ದಾಗ ಕೇರಿ ಎರಡು ಪಾಲಾಯಿತು. ಹೊರಗುಳಿದ ಭಾಗ ನಗರದ ಸ್ಮಶಾನವಾಯಿತು. ಯುದ್ಧದಲ್ಲಿ ಮಡಿದವರಿಗಾಗಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ಮಾಡಿದನೆಂದು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿರುವ ಪ್ರಸಿದ್ಧ ಭಾಷಣ ನಡೆದದ್ದು ಈ ಕುಂಬಾರಕೇರಿಯ ಅಂಚಿನಲ್ಲೇ.

ಗ್ರೀಕಿನ ಕೆರಮೋಸ್ ಬರಿಯ ಮಣ್ಣಲ್ಲ. ಮಡಕೆಗೂ ಅದೇ ಮಾತು, ಸೂರಿನ ಹೆಂಚಿಗೂ ಅದೇ. ಕನ್ನಡದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನಮ್ಮ ‘ಹಂಚು’ ರೊಟ್ಟಿ ಸುಡುವ ಮಣ್ಣಿನ ಕಾವಲಿ, ಮಾಡಿಗೆ ಹೊದಿಸುವ ಹೆಂಚು, ಒಡೆದ ಮಡಕೆಯ ಚೂರು ಮೂರೂ ಹೌದು. 1865ರಲ್ಲಿ ಬಾಸೆಲ್ ಮಿಷನ್ನಿನ ಗಿಯಾರ್ಗ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಯಂತ್ರದ ಹೆಂಚು ಮಾಡಲು ಶುರುಮಾಡಿದಾಗ ಹೊಸ ಸರಕಿಗೆ ಹೊಸ ಹೆಸರು ಬೇಕಾಗಲಿಲ್ಲ. ಗ್ರೀಕ್ ಪದಕ್ಕೆ ಇನ್ನೊಂದು ವಿಚಿತ್ರ ಬಳಕೆಯಿದೆ. ಇಲಿಯಡ್‌ನ ಐದನೆಯ ಸರ್ಗದಲ್ಲಿ ಯುದ್ಧದೇವತೆ ಆರೆಸ್‌ನನ್ನು ಇಬ್ಬರು ದೈತ್ಯ ಹುಡುಗರು ಹಿಡಿದು ಹದಿಮೂರು ತಿಂಗಳು ಕೂಡಿಹಾಕುತ್ತಾರೆ. ಕೂಡಿಹಾಕಿದ್ದು ಕಂಚಿನ ಒಂದು ಕೆರಮೋಸ್‌ನಲ್ಲಿ. ದೊಡ್ಡ ಗುಡಾಣವೇ ಇರಬೇಕು. ಸೈಪ್ರಸ್ ದ್ವೀಪದಲ್ಲಿ ಸೆರೆಮನೆಗೆ ಈ ಮಾತಿತ್ತು ಎಂದು ಹಳೆಯ ಟೀಕಾಕಾರರು ಬರೆದರು. ಹೇಗೆ ನೋಡಿದರೂ ಇಲ್ಲಿ ಮಣ್ಣು ಹೋಗಿದೆ, ಕಂಚು ಬಂದಿದೆ. ಒಳಗಿನದು ಹೊರಗೆ ಬಾರದಂತೆ ಹಿಡಿದಿಡುವ ಗುಣ ಮಾತ್ರ ಉಳಿದಿದೆ. ಒಂದು ಪದ ತನ್ನ ವಸ್ತುವನ್ನು ಬಿಟ್ಟು ವಸ್ತುವಿನ ಕೆಲಸವನ್ನು ಹಿಡಿದುಕೊಳ್ಳುವುದು ಹೀಗೆ. ಸೆರಾಮಿಕ್ ಮುಂದೆ ಮತ್ತೆ ಮತ್ತೆ ಇದನ್ನೇ ಮಾಡಿತು.

ಗ್ರಹಗತಿಯ ಶಾಸ್ತ್ರದ ಜೊತೆಗೆ ಗ್ರೀಕಿನಿಂದ ಕೇಂದ್ರ, ಹೋರಾ ಎಂಬ ಮಾತುಗಳು ಸಂಸ್ಕೃತಕ್ಕೆ ಬಂದು ಅಲ್ಲಿಂದ ನಮ್ಮ ಮನೆಮಾತಾದವು. ಕೆರಮೋಸ್ ಆ ದಾರಿಯಲ್ಲಿ ಬರಲಿಲ್ಲ. ಅದು ಬಂದದ್ದು ಬಹಳ ತಡವಾಗಿ, ಪ್ಯಾರಿಸ್ ಸುತ್ತಿ. ಪ್ಯಾರಿಸ್ ಬಳಿಯ ಸೆವ್ರ್ ಪಿಂಗಾಣಿ ಕಾರ್ಖಾನೆಗೆ 1800ರಲ್ಲಿ ಮುಖ್ಯಸ್ಥನಾದ ಅಲೆಕ್ಸಾಂಡರ್ ಬ್ರೋನ್ಯಾರ್ ಭೂವಿಜ್ಞಾನಿ. ಗುಡಿಸಲಿನ ಕುಡಿಕೆಯಿಂದ ರಾಜರ ಊಟದ ತಟ್ಟೆಯವರೆಗೆ, ಇಟ್ಟಿಗೆಯಿಂದ ಚೀನಾದ ಹೂದಾನಿಯವರೆಗೆ, ಬೆಂದ ಮಣ್ಣಿನದೆಲ್ಲ ಒಂದೇ ಕುಲ ಎಂದು ಅವನು ಕಂಡ. 1824ರಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯ ಕಟ್ಟಿದ, 1844ರಲ್ಲಿ ದೊಡ್ಡ ಗ್ರಂಥ ಬರೆದ, ಎರಡಕ್ಕೂ ‘ಸೆರಾಮಿಕ್’ ಎಂದು ಹೆಸರಿಟ್ಟ. ಗ್ರೀಕಿನ ಕಕಾರ ಫ್ರೆಂಚರ ನಾಲಿಗೆಯಲ್ಲಿ ಸಕಾರವಾಗಿತ್ತು. ಇಂಗ್ಲಿಷಿನವರು ಕೆಲಕಾಲ ‘ಕೆರಾಮಿಕ್’ ಎಂದೇ ಹಟ ಹಿಡಿದರೂ ಕೊನೆಗೆ ಸೋತರು. ಕನ್ನಡಕ್ಕೆ ಇಂಗ್ಲಿಷಿನ ಕೈಯಿಂದ ಸಕಾರವೇ ಬಂತು. ಬಹಳ ಜನರಿಗೆ ಅದರ ಪರಿಚಯವಾದದ್ದು ಬಚ್ಚಲುಮನೆಯ ಟೈಲ್ಸ್ ಕೊಳ್ಳುವಾಗ.

ಅದಕ್ಕೂ ಎಷ್ಟೋ ಮೊದಲೇ ನಮ್ಮಲ್ಲಿ ಇನ್ನೊಂದು ಮಾತು ನೆಲೆಯೂರಿತ್ತು, ಪಿಂಗಾಣಿ. ಇದು ಪಾರಸಿಯ ‘ಪಿಂಗಾನ್’, ಬಟ್ಟಲು. ಅರಬ್ಬಿಗೆ ಹೋಗಿ ಕಾಫಿ ಕುಡಿಯುವ ‘ಫಿಂಜಾನ್’ ಆಯಿತು, ತಮಿಳಿಗೆ ಬಂದು ‘ಪೀಂಗಾನ್’ ಆಯಿತು. ಪಾರಸಿ ಪದದ ಬೇರು ಗ್ರೀಕಿನ ‘ಪಿನಕ್ಸ್’, ಅಂದರೆ ಹಲಗೆ ಅಥವಾ ತಟ್ಟೆ, ಎನ್ನುವವರೂ ಇದ್ದಾರೆ. ಹಂಪಿಯ ಉತ್ಖನನಗಳಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಸಾಮಾನು ಚೀನಾದ್ದು, ಹೆಸರು ಇರಾನಿನದು, ಬಳಸಿದ್ದು ತುಂಗಭದ್ರೆಯ ದಂಡೆಯಲ್ಲಿ. ಯೂರೋಪಿನವರು ಇದೇ ಸಾಮಾನಿಗೆ ಇಟ್ಟ ಪೋರ್ಸಲೇನ್ ಎಂಬ ಹೆಸರು ಇಟಲಿಯವರ ಕವಡೆಯದು. ಕವಡೆಯ ನುಣುಪು, ಕವಡೆಯ ಹೊಳಪು. ಕೆರಮೋಸ್ ಮಣ್ಣಿನ ಕಡೆಯಿಂದ ಹುಟ್ಟಿದ ಮಾತು, ಪಿಂಗಾಣಿ ಮತ್ತು ಪೋರ್ಸಲೇನ್ ಮೇಲ್ಮೈಯ ಮೋಹದಿಂದ ಬೆಳೆದವು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ವಿದ್ಯುತ್ತಿನ ಯುಗ ಬಂದಾಗ ಬೆಂದ ಮಣ್ಣಿಗೆ ಏಕಕಾಲಕ್ಕೆ ಎರಡು ಕೆಲಸ ಸಿಕ್ಕವು. ಒಂದಕ್ಕೊಂದು ತದ್ವಿರುದ್ಧ.

ಮೊದಲನೆಯದು ನಮಗೆಲ್ಲ ಗೊತ್ತು. ಕಂಬದ ಮೇಲೆ ತಂತಿಯನ್ನು ಹೊತ್ತ ಬಿಳಿಯ, ಕಂದು ಬಣ್ಣದ ಬಟ್ಟಲು, ಮನೆಯ ಮೀಟರ್ ಹಲಗೆಯ ಫ್ಯೂಸ್, ಗೋಡೆಯೊಳಗೆ ತಂತಿ ತೂರಿಸುವ ಕೊಳವೆ. ಎಲ್ಲಕ್ಕೂ ಜನ ಪಿಂಗಾಣಿ ಎಂದೇ ಅಂದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದ ಮೈಸೂರು ಸಂಸ್ಥಾನಕ್ಕೆ ಇಂಥ ಅವಾಹಕಗಳ ಬೆಲೆ ಬೇಗ ಅರಿವಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲೇ ಪಿಂಗಾಣಿ ಕಾರ್ಖಾನೆ ತೆರೆಯಿತು. ಅದು ಮುಂದೆ ಬಿಎಚ್‌ಇಎಲ್ ಸಂಸ್ಥೆಯ ಎಲೆಕ್ಟ್ರೋ ಪೋರ್ಸಲೇನ್ಸ್ ವಿಭಾಗವಾಯಿತು. ಈ ಪಿಂಗಾಣಿಯ ಕೆಲಸ ಪೂರ್ತಿ ತಡೆ. ಗಾಜಿನಂತೆ ಕೂಡಿಕೊಂಡ ಮೈ, ಮೇಲೆ ಮೆರುಗು. ಒಂದು ಹನಿ ನೀರು ಒಳಗೆ ಇಳಿದರೂ ಅದು ಸೋತಂತೆ.

ಎರಡನೆಯ ಕೆಲಸ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. 1800ರಲ್ಲಿ ವೋಲ್ಟಾ ಸತು ಮತ್ತು ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು, ಬಟ್ಟೆ ಇಟ್ಟು ಮೊದಲ ಬ್ಯಾಟರಿ ಮಾಡಿದ. ಆ ರಟ್ಟೇ ಮೊದಲ ಸೆಪರೇಟರ್, ಎಂದರೆ ಎರಡು ಕಡೆಗಳನ್ನು ಬೇರೆಯಾಗಿ ಇಡುವ ತಡಿಕೆ. ಆದರೆ ತಾಮ್ರದ ಮೇಲೆ ಜಲಜನಕದ ಗುಳ್ಳೆ ಕೂತು ವಿದ್ಯುತ್ತು ಬೇಗ ಸೊರಗುತ್ತಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜಾನ್ ಫ್ರೆಡರಿಕ್ ಡೇನಿಯಲ್ 1836ರಲ್ಲಿ ಇದಕ್ಕೆ ಉಪಾಯ ಹುಡುಕಿದ: ತಾಮ್ರದ ಕಡೆಗೆ ಮೈಲುತುತ್ತದ ದ್ರಾವಣ, ಸತುವಿನ ಕಡೆಗೆ ಬೇರೆ ದ್ರಾವಣ. ಎರಡೂ ಬೆರೆತರೆ ತಾಮ್ರ ಹೋಗಿ ಸತುವಿನ ಮೇಲೆ ಕೂತು ಆಟ ಮುಗಿಯುತ್ತದೆ. ಪೂರ್ತಿ ಬೇರೆಯಾದರೆ ವಿದ್ಯುತ್ತೇ ಹರಿಯದು. ಡೇನಿಯಲ್ ಮೊದಲು ನಡುವೆ ಇಟ್ಟದ್ದು ಎತ್ತಿನ ಅನ್ನನಾಳದ ಪೊರೆ. ಬೇಗನೆ ಆ ಜಾಗಕ್ಕೆ ಬಂದದ್ದು ಮೆರುಗು ಹಚ್ಚದೆ ಸುಟ್ಟ ಮಣ್ಣಿನ ಕುಡಿಕೆ.

ಬೇಸಿಗೆಯ ಮಣ್ಣಿನ ಹೂಜಿ ಮೈಯೆಲ್ಲ ಬೆವರುವುದು ಯಾವ ಸೂಕ್ಷ್ಮ ರಂಧ್ರಗಳಿಂದಲೋ ಅದೇ ರಂಧ್ರಗಳ ಮೂಲಕ ವಿದ್ಯುದಂಶ ಹೊತ್ತ ಕಣಗಳಾದ ಅಯಾನುಗಳು ದಾಟಿದವು. ದ್ರಾವಣಗಳು ಮಾತ್ರ ಸುಲಭವಾಗಿ ಬೆರೆಯಲಿಲ್ಲ. 1839ರಲ್ಲಿ ವಿಲಿಯಂ ಗ್ರೋವ್, ಆಮೇಲೆ ಬುನ್ಸೆನ್, 1866ರಲ್ಲಿ ಜಾರ್ಜ್ ಲೆಕ್ಲಾಂಷೆ ಎಲ್ಲರೂ ತಮ್ಮ ತಮ್ಮ ಕೋಶಗಳಿಗೆ ಈ ಕುಡಿಕೆಯನ್ನೇ ನೆಚ್ಚಿದರು. ಟೆಲಿಗ್ರಾಫಿನ ಮೊದಲ ದಶಕಗಳು ಓಡಿದ್ದು ಕುಂಬಾರನ ಸರಕಿನ ಮೇಲೆ ಎಂದರೆ ಅತಿಶಯವಲ್ಲ. ಪಿಯುಸಿಯಲ್ಲಿ ಭೌತವಿಜ್ಞಾನ ಓದಿದ ಹಲವರು ಪೊಟೆನ್ಷಿಯೋಮೀಟರಿನ ಮೇಲೆ ಡೇನಿಯಲ್ ಕೋಶವನ್ನೂ ಲೆಕ್ಲಾಂಷೆ ಕೋಶವನ್ನೂ ಹೋಲಿಸುವ ಪ್ರಯೋಗ ಮಾಡಿರುತ್ತಾರೆ. ಗಾಜಿನ ಜಾಡಿಯೊಳಗೆ ನಿಂತಿದ್ದ ಆ ಬಿಳಿಯ ಕೊಳವೆಯಂಥ ಕುಡಿಕೆ ಬೆಂದ ಮಣ್ಣಿನದು. ಅದೂ ಸೆರಾಮಿಕ್ ಸೆಪರೇಟರೇ. ಆಗ ಅದನ್ನು ಹಾಗೆ ಕರೆಯುತ್ತಿರಲಿಲ್ಲ, ಅಷ್ಟೇ.

ಹೀಗೆ ಒಂದೇ ಆವಿಗೆಯ ಮಕ್ಕಳು ಎರಡು ದಾರಿ ಹಿಡಿದವು. ತಡೆಯುವ ಪಿಂಗಾಣಿ, ಬಿಟ್ಟುಕೊಡುವ ಕುಡಿಕೆ.

ಕುಡಿಕೆ ಬಹಳ ದಿನ ಬಾಳಲಿಲ್ಲ. ಗೋಡೆ ದಪ್ಪ, ತೂಕ ಹೆಚ್ಚು, ಅಯಾನುಗಳಿಗೆ ದಾರಿ ಉದ್ದ. ಸಾಗಣೆಯಲ್ಲಿ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟಾರ್ಚಿನ ಒಣ ಸೆಲ್ಲಿನೊಳಗೆ ಹಿಟ್ಟಿನ ಸರಿ ಮೆತ್ತಿದ ಕಾಗದ ಬಂತು. ಸೀಸದ ಬ್ಯಾಟರಿಗೆ ದೇವದಾರಿನಂಥ ಮರದ ತೆಳು ಹಲಗೆ, ಆಮೇಲೆ ರಬ್ಬರು, ಪ್ಲಾಸ್ಟಿಕ್ಕು, ಗಾಜಿನ ನಾರು. 20ನೆಯ ಶತಮಾನದ ಹೆಚ್ಚಿನ ಭಾಗ ಬ್ಯಾಟರಿಯವರಿಗೆ ಬೆಂದ ಮಣ್ಣಿನ ನೆನಪೇ ಆಗಲಿಲ್ಲ.

ಆದರೆ ಸೆರಾಮಿಕ್ ಎಂಬ ಮಾತು ಆ ಹೊತ್ತಿಗೆ ಮಣ್ಣನ್ನೂ ದಾಟಿತ್ತು. ಮೋಟಾರು ವಾಹನದ ಸ್ಪಾರ್ಕ್ ಪ್ಲಗ್ಗಿಗೆ ಸಾಮಾನ್ಯ ಪಿಂಗಾಣಿ ತಾಳದೆ, ಶುದ್ಧ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನೇ ಒತ್ತಿ ಸುಟ್ಟು ಅವಾಹಕ ಮಾಡಿದರು. ಅದರಲ್ಲಿ ಜೇಡಿಮಣ್ಣು ಇಲ್ಲ. ಹೆಸರು ಮಾತ್ರ ಸೆರಾಮಿಕ್. 1986ರಲ್ಲಿ ಬೆಡ್‌ನೋರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಕಂಡಾಗ ಅದೂ ಸೆರಾಮಿಕ್. ಬೆನ್ನಿಗೇ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಆ ಕೆಲಸಕ್ಕೆ ಇಳಿಯಿತು. ಲೋಹವಲ್ಲದ, ಸಾವಯವವಲ್ಲದ, ಕಾವಿನಲ್ಲಿ ಕೂಡಿ ಗಟ್ಟಿಯಾದ ಯಾವುದೇ ಘನವಸ್ತು ಈಗ ಸೆರಾಮಿಕ್. ಕೆರಮೈಕೋಸ್‌ನ ಕುಂಬಾರನಿಗೆ ಇದರಲ್ಲಿ ಅವನ ಮಣ್ಣು ಸಿಗದು. ಅವನ ಬೆಂಕಿ ಸಿಗುತ್ತದೆ.

ಈಗ ಲಿಥಿಯಂ ಅಯಾನು ಬ್ಯಾಟರಿಯೊಳಕ್ಕೆ ಹೋಗೋಣ. 1985ರಲ್ಲಿ ಜಪಾನಿನ ಅಸಾಹಿ ಕಾಸೈ ಕಂಪನಿಯ ಅಕಿರಾ ಯೋಶಿನೋ ಇದರ ಮೊದಲ ಮಾದರಿ ಕಟ್ಟಿದರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. 2019ರಲ್ಲಿ ಯೋಶಿನೋ, ಗುಡಿನಫ್, ವಿಟಿಂಗ್‌ಹ್ಯಾಮ್ ಮೂವರಿಗೆ ನೊಬೆಲ್ ಬಂತು. ಇಲ್ಲಿ ನೀರಿನ ದ್ರಾವಣ ಇಲ್ಲ, ಹೊತ್ತಿಕೊಳ್ಳುವ ಸಾವಯವ ದ್ರವ ಇದೆ. ಎರಡು ವಿದ್ಯುದ್ವಾರಗಳ ಉದ್ದನೆಯ ಹಾಳೆಗಳನ್ನು ಒಂದರ ಮೇಲೊಂದು ಹಾಸಿ ಸುತ್ತಿರುತ್ತಾರೆ. ನಡುವೆ ಇರುವುದು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನ ಸೂಕ್ಷ್ಮರಂಧ್ರದ ಪೊರೆ. ಮೊದಮೊದಲು 25 ಮೈಕ್ರಾನ್ ದಪ್ಪವಿದ್ದದ್ದು ಈಗ 16, 12, ಕೆಲವೆಡೆ 9ಕ್ಕೂ ಇಳಿದಿದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒಂದು ಸ್ಕೂಟರನ್ನು ಊರು ದಾಟಿಸುವಷ್ಟು ಶಕ್ತಿಯ ಎರಡು ಕಡೆಗಳನ್ನು ಬೇರೆಯಾಗಿ ಇಟ್ಟಿರುವುದು ಇಷ್ಟೇ.

ಈ ಪೊರೆಗೆ ಒಂದು ಒಳ್ಳೆಯ ಗುಣವಿದೆ. ಸೆಲ್ಲು ಬಿಸಿಯೇರಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪಾಲಿಎಥಿಲೀನ್ ಮೆತ್ತಗಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಅಯಾನುಗಳ ಓಡಾಟ ನಿಂತು ಸೆಲ್ಲು ತಾನೇ ತಣ್ಣಗಾಗಲು ಅವಕಾಶ ಸಿಗುತ್ತದೆ. ಕೆಟ್ಟ ಗುಣ ಅಲ್ಲೇ ಬೆನ್ನಿಗಿದೆ. ರಂಧ್ರ ಹುಟ್ಟಿಸಲೆಂದು ತಯಾರಿಕೆಯಲ್ಲಿ ಈ ಹಾಳೆಯನ್ನು ಎಳೆದು ಹಿಗ್ಗಿಸಿರುತ್ತಾರೆ. ಕಾವು ತಗಲಿದೊಡನೆ ಅದು ಹಳೆಯ ಅಳತೆಗೆ ಮರಳಲು ನೋಡುತ್ತದೆ. ಅಂಚುಗಳಿಂದ ಮುದುಡುತ್ತದೆ. ಮುದುಡಿದ ಕಡೆ ಎರಡು ವಿದ್ಯುದ್ವಾರಗಳು ನೇರ ತಾಗುತ್ತವೆ. ಆಮೇಲೆ ಶಾರ್ಟ್ ಸರ್ಕ್ಯೂಟು, ಇನ್ನಷ್ಟು ಕಾವು, 200 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಜಾತಿಯ ಧನ ವಿದ್ಯುದ್ವಾರಗಳೇ ಆಮ್ಲಜನಕ ಬಿಡತೊಡಗುವುದು, ಹೊಗೆ, ಬೆಂಕಿ. ಹೊರಗಿನ ಗಾಳಿಯನ್ನು ತಡೆದರೂ ನಿಲ್ಲದ ಬೆಂಕಿ ಅದು. 2006ರಲ್ಲಿ ಡೆಲ್ ಕಂಪನಿಯೊಂದೇ ಸೋನಿ ತಯಾರಿಸಿದ ಸೆಲ್ಲುಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ತರಿಸಿಕೊಂಡಿತು. ಸೆಲ್ಲಿನೊಳಗೆ ಉಳಿದ ಲೋಹದ ಸೂಕ್ಷ್ಮ ಕಣಗಳು ಪೊರೆಯನ್ನು ಚುಚ್ಚುವ ಭಯ ಅದು. 2022ರ ಬೇಸಿಗೆಯಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು ಸಾವುಗಳೂ ಆದವು. ಅದೇ ವರ್ಷದ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಎಐಎಸ್-156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿದರು. ಆ ಸಾವುಗಳ ಕಾರಣಕ್ಕೇ ಈ ಕೆಲವೇ ಮೈಕ್ರಾನಿನ ವಿಷಯ ನನಗೆ ಬರಿಯ ಪದದ ಕುತೂಹಲವಾಗಿ ಉಳಿದಿಲ್ಲ.

ಮುದುಡುವ ಪೊರೆಗೆ ಮುದುಡದ ಒಂದು ಅಸ್ಥಿಪಂಜರ ಬೇಕು. 2000ದ ದಶಕದಲ್ಲಿ ಜರ್ಮನಿಯ ಇವೋನಿಕ್, ಕೊರಿಯಾದ ಎಲ್‌ಜಿ ಮುಂತಾದವರು ಹಿಡಿದ ದಾರಿ ಇದು. ಅರ್ಧ ಮೈಕ್ರಾನ್ ಆಸುಪಾಸಿನ ಅಲ್ಯೂಮಿನಾ ಕಣಗಳನ್ನು ನೀರಿನಲ್ಲೋ ಬೇರೆ ದ್ರವದಲ್ಲೋ ಕಲಸಿ, ಸ್ವಲ್ಪ ಅಂಟು ಸೇರಿಸಿ, ಪೊರೆಯ ಒಂದು ಅಥವಾ ಎರಡೂ ಮಗ್ಗುಲಿಗೆ 2ರಿಂದ 4 ಮೈಕ್ರಾನ್ ದಪ್ಪಕ್ಕೆ ಬಳಿದು ಒಣಗಿಸುವುದು. ಅಲ್ಯೂಮಿನಾ ಕರಗಬೇಕಾದರೆ 2,000 ಡಿಗ್ರಿ ಮೀರಬೇಕು. 150 ಡಿಗ್ರಿಯ ಒಲೆಯಲ್ಲಿ ಬರಿಯ ಪಾಲಿಎಥಿಲೀನ್ ಹಾಳೆ ಆಕಾರವನ್ನೇ ಕಳೆದುಕೊಳ್ಳುವಾಗ ಚೆನ್ನಾಗಿ ಲೇಪಿಸಿದ ಹಾಳೆ ಹೆಚ್ಚುಕಡಿಮೆ ತನ್ನ ಅಳತೆಯಲ್ಲೇ ನಿಲ್ಲುತ್ತದೆ. ಒಳಗಿನ ಪ್ಲಾಸ್ಟಿಕ್ಕು ಕರಗಿ ರಂಧ್ರ ಮುಚ್ಚುವ ತನ್ನ ಕೆಲಸ ಮಾಡುತ್ತದೆ, ಹೊರಗಿನ ಕಣಗಳು ಅದನ್ನು ಹಿಡಿದು ನಿಲ್ಲಿಸುತ್ತವೆ.

ಲಾಭ ಬೆಂಕಿಯ ಹೊತ್ತಿನದು ಮಾತ್ರವಲ್ಲ. ಪಾಲಿಎಥಿಲೀನ್ ಜಿಡ್ಡಿನ ಜಾತಿಯದು, ಬ್ಯಾಟರಿಯ ದ್ರವವನ್ನು ಮನಸಾರೆ ಹೀರುವುದಿಲ್ಲ. ಅಲ್ಯೂಮಿನಾದ ಮೈ ಕೂಡಲೇ ನೆನೆಯುತ್ತದೆ. ದ್ರವ ಎಲ್ಲೆಡೆ ಸಮನಾಗಿ ಹರಡಿದರೆ ಅಯಾನುಗಳ ಓಡಾಟವೂ ಸಮ, ಸೆಲ್ಲಿನ ಬಾಳಿಕೆಯೂ ಹೆಚ್ಚು. ಅವಸರದ ಚಾರ್ಜಿಂಗಿನಲ್ಲಿ ಬೆಳೆಯುವ ಲಿಥಿಯಂನ ಮುಳ್ಳುಕವಲುಗಳಿಗೆ ಗಟ್ಟಿ ಕಣಗಳು ಅಡ್ಡಿ. ಹೆಚ್ಚಿನ ವೋಲ್ಟೇಜಿನಲ್ಲಿ ಧನ ವಿದ್ಯುದ್ವಾರ ಪ್ಲಾಸ್ಟಿಕ್ಕನ್ನು ಉತ್ಕರ್ಷಿಸಿ ಹಾಳುಮಾಡುವುದೂ ಕಡಿಮೆಯಾಗುತ್ತದೆ.

ನಷ್ಟವೂ ಇದೆ. ತೂಕ ಕೂಡುತ್ತದೆ. ಅಂಟು ಸಾಲದಿದ್ದರೆ ಪುಡಿ ಉದುರುತ್ತದೆ, ಹೆಚ್ಚಾದರೆ ರಂಧ್ರ ಕಟ್ಟುತ್ತದೆ. ದ್ರವವನ್ನು ಹೀರುವ ಮೈ ಗಾಳಿಯ ತೇವವನ್ನೂ ಹೀರುತ್ತದೆ. ಆ ನೀರು ಲಿಥಿಯಂ ಲವಣದೊಡನೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಹಾಗಾಗಿ ಜೋಡಿಸುವ ಮುನ್ನ ಚೆನ್ನಾಗಿ ಒಣಗಿಸಲೇಬೇಕು. ಅತಿಯಾಗಿ ಚಾರ್ಜಾದ, ಜಜ್ಜಿಹೋದ, ಧನ ವಿದ್ಯುದ್ವಾರವೇ ಒಡೆಯತೊಡಗಿದ ಸೆಲ್ಲನ್ನು ಈ ಲೇಪವೊಂದೇ ಉಳಿಸದು. ಇದು ಸಮಯ ಕೊಡುತ್ತದೆ, ಅಭಯ ಕೊಡುವುದಿಲ್ಲ. ಮಾರುವವರು ಎರಡನ್ನೂ ಒಂದೇ ಎನ್ನುವಂತೆ ಮಾತಾಡಿದರೆ ನಂಬಬಾರದು.

ಈ ಬಿಳಿಯ ಪುಡಿಗೆ ನಮ್ಮ ಕಡೆಯದೇ ಒಂದು ಹೆಸರಿದೆ. ಅಲ್ಯೂಮಿನಾ ಎಂಬುದು ಲ್ಯಾಟಿನ್ನಿನ ‘ಅಲುಮೆನ್’, ಅಂದರೆ ಪಟಿಕದಿಂದ ಬಂದ ರಸಾಯನವಿಜ್ಞಾನದ ಹೆಸರು. ಅದೇ ವಸ್ತು ನೆಲದಲ್ಲಿ ಹರಳಾಗಿ ಸಿಕ್ಕಾಗ ಖನಿಜಶಾಸ್ತ್ರದಲ್ಲಿ ಕೊರಂಡಮ್. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ, ನಮ್ಮ ಕುರಂದದ ಕಲ್ಲು, ಇವೇ 18ನೆಯ ಶತಮಾನದಲ್ಲಿ ಹಡಗು ಹತ್ತಿ ಹೋಗಿ ಇಂಗ್ಲಿಷಿನ ಕೊರಂಡಮ್ ಆದದ್ದು. ಕುರುವಿಂದ ಎಂದರೆ ನಮ್ಮ ಕಾವ್ಯಗಳಲ್ಲಿ ಮಾಣಿಕ್ಯ. ಕೆಂಪಾದರೆ ಮಾಣಿಕ್ಯ, ನೀಲಿಯಾದರೆ ನೀಲ, ಒರಟಾದರೆ ಕತ್ತಿ ಮಸೆಯುವ ಸಾಣೆಗೆ ಬೇಕಾದ ಪುಡಿ, ಎಲ್ಲವೂ ಅಲ್ಯೂಮಿನಾ. ಹಳೆಯ ಮೈಸೂರು ಸೀಮೆಯಲ್ಲಿ ಕುರಂದವನ್ನು ಅಗೆದು ತೆಗೆಯುತ್ತಿದ್ದರು. ಇವತ್ತು ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆ ಬಾಕ್ಸೈಟಿನಿಂದ ಸೆರಾಮಿಕ್ ಕೆಲಸಗಳಿಗೆ ಬೇಕಾದ ವಿಶೇಷ ಬಗೆಯ ಅಲ್ಯೂಮಿನಾ ತಯಾರಿಸುತ್ತದೆ. ಗ್ರೀಕ್ ಕುಂಬಾರನ ಮಾತು ಪಶ್ಚಿಮದಿಂದ ಬಂತು, ದಕ್ಷಿಣ ಭಾರತದ ಕಲ್ಲಿನ ಮಾತು ಪಶ್ಚಿಮಕ್ಕೆ ಹೋಯಿತು. ಎರಡೂ ಒಂದೇ ವಸ್ತುವಿನ ಮೇಲೆ ಬಂದು ಕೂತಿವೆ.

ಈಚೆಗೆ ಅಲ್ಯೂಮಿನಾದ ಜಾಗಕ್ಕೆ ಬೋಮೈಟ್ ನುಗ್ಗುತ್ತಿದೆ. ಯೊಹಾನ್ ಬೋಮ್ ಎಂಬ ರಸಾಯನವಿಜ್ಞಾನಿಯ ಹೆಸರು ಹೊತ್ತ ಈ ಖನಿಜ ಅಲ್ಯೂಮಿನಾದ್ದೇ ತಮ್ಮ, ಒಳಗೆ ಸ್ವಲ್ಪ ನೀರಿನಂಶ ಕಟ್ಟಿಕೊಂಡಿದೆ. ಹಗುರ, ಮೆದು. ಕುರಂದದ ಗಡಸುತನ ಮೋಸ್ ಅಳತೆಯಲ್ಲಿ 9, ಇದರದು 3.5ರ ಸುತ್ತ, ಹಾಳೆ ಕತ್ತರಿಸುವ ಅಲಗುಗಳು ಬೇಗ ಸವೆಯುವುದಿಲ್ಲ. ಪದದ ಬೆನ್ನು ಹತ್ತಿದವರಿಗೆ ಇಲ್ಲೊಂದು ತೊಡಕು. ಬೋಮೈಟನ್ನು ಸಾಮಾನ್ಯವಾಗಿ ತಯಾರಿಸುವುದು ಒತ್ತಡದ ಬಿಸಿನೀರಿನ ಪಾತ್ರೆಯಲ್ಲಿ. ಅದು ಆವಿಗೆಯನ್ನು ಕಂಡದ್ದೇ ಇಲ್ಲ. ಬೇಯದ ವಸ್ತುವನ್ನು ಸೆರಾಮಿಕ್ ಎನ್ನಬಹುದೆ? ಸುಮಾರು 500 ಡಿಗ್ರಿಗೆ ಅದು ನೀರನ್ನು ಬಿಟ್ಟು, ಆ ಕೆಲಸಕ್ಕೆ ಒಂದಷ್ಟು ಕಾವನ್ನು ನುಂಗಿ, ಅಲ್ಯೂಮಿನಾ ಆಗುತ್ತದೆ. ಅಂದರೆ ಅದು ಬೇಯುವುದು ಅನಾಹುತವಾದಾಗ ಮಾತ್ರ, ಪೈಲೋಸಿನ ಲೆಕ್ಕದ ಹಲಗೆಗಳು ಬೆಂದಂತೆ. ಆ ಹೆಸರು ಅದಕ್ಕೆ ಸಲ್ಲುತ್ತದೆ ಎಂದು ನಾನು ಒಪ್ಪುತ್ತೇನೆ.

ಹಾಗಾದರೆ ಕನ್ನಡದಲ್ಲಿ ಈ ಲೇಪವನ್ನು ಏನೆನ್ನಬೇಕು? ಪಿಂಗಾಣಿ ಲೇಪ ಎಂದರೆ ಕಿವಿಗೆ ಇಂಪು, ಆದರೆ ಅರ್ಥ ತಲೆಕೆಳಗಾಗುತ್ತದೆ. ಪಿಂಗಾಣಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಉಪ್ಪಿನಕಾಯಿ ಜಾಡಿಯ ನುಣುಪು, ಒಂದು ಹನಿಯನ್ನೂ ಬಿಡದ ಮೈ. ಅಂಥ ಲೇಪ ಹಚ್ಚಿದರೆ ಬ್ಯಾಟರಿಯೇ ಸತ್ತಂತೆ. ಈ ಪೊರೆ ಎಲೆಕ್ಟ್ರಾನುಗಳಿಗೆ ಕಂಬದ ಮೇಲಿನ ಪಿಂಗಾಣಿಯಾಗಿರಬೇಕು, ಅಯಾನುಗಳಿಗೆ ಡೇನಿಯಲ್ಲನ ಕುಡಿಕೆಯಾಗಿರಬೇಕು. ಪ್ರತಿಯೊಂದು ಕಣವೂ ತಡೆ, ಕಣ ಕಣಗಳ ನಡುವಿನ ಸಂದು ದಾರಿ. ನೂರೈವತ್ತು ವರ್ಷ ಬೇರೆ ಬೇರೆ ಇದ್ದ ಎರಡು ಕೆಲಸಗಳು ಮೂರು ಮೈಕ್ರಾನಿನಲ್ಲಿ ಕೂಡಿವೆ. ಎರಡನ್ನೂ ಒಳಗೊಳ್ಳುವಷ್ಟು ಅಗಲ ಇರುವುದು ಸೆರಾಮಿಕ್ ಎಂಬ ಮಾತಿಗೆ. ಸೆರಾಮಿಕ್ ಲೇಪದ ಪೊರೆ ಎಂದು ಬರೆಯುವುದು ನನಗೆ ಸರಿ ಕಾಣುತ್ತದೆ. ಮೃಣ್ಮಯ ಮುಂತಾದ ಸಂಸ್ಕೃತದ ಪದಗಳು ಇಲ್ಲಿ ಸುಳ್ಳಾಗುತ್ತವೆ, ಮೃತ್ತಿಕೆ ಇದರಲ್ಲಿ ಇಲ್ಲವೇ ಇಲ್ಲ.

ಮುಂದಿನ ಹೆಜ್ಜೆಯಲ್ಲಿ ಪ್ಲಾಸ್ಟಿಕ್ಕೂ ದ್ರವವೂ ಎರಡೂ ಹೋಗಿ ಸೆರಾಮಿಕ್ ಒಂದೇ ಉಳಿಯಬೇಕೆಂಬ ಆಸೆ ವಿಜ್ಞಾನಿಗಳದು. 2007ರಲ್ಲಿ ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದುರೈ ಮತ್ತು ವರ್ನರ್ ವೆಪ್ನರ್ ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂ ಸೇರಿದ ಒಂದು ಆಕ್ಸೈಡನ್ನು ಪ್ರಕಟಿಸಿದರು. ಗೋಮೇದಕದ ಬಳಗದ ಹರಳಿನ ರಚನೆ. ಅಯಾನುಗಳು ಸಂದಿಗಾಗಿ ಕಾಯದೆ ಹರಳಿನ ಒಡಲಲ್ಲೇ ದಾಟಿಹೋಗುತ್ತವೆ. ಇದನ್ನು ಬಿಲ್ಲೆ ಮಾಡಲು 1,100ರಿಂದ 1,200 ಡಿಗ್ರಿಯಲ್ಲಿ ಸುಡಬೇಕು, ಸುಡುವಾಗ ಲಿಥಿಯಂ ಆವಿಯಾಗಿ ಹೋಗದಂತೆ ಅದೇ ಪುಡಿಯಲ್ಲಿ ಹೂತು ಸುಡುತ್ತಾರೆ. ಸೆರಾಮಿಕ್ ಆದ್ದರಿಂದ ಬಳುಕುವುದಿಲ್ಲ, ಬಿರಿಯುತ್ತದೆ. ಲಿಥಿಯಂನ ಕವಲುಗಳು ಕಣಗಳ ಅಂಚಿನಗುಂಟ ಅದರೊಳಗೂ ನುಸುಳುತ್ತವೆ ಎಂದು ಗೊತ್ತಾಗಿದೆ. ಆ ಕೆಲಸ ಇನ್ನೂ ನಡೆದಿದೆ. ಸದ್ಯಕ್ಕೆ ರಸ್ತೆಯ ಮೇಲಿರುವ ಬಹಳಷ್ಟು ವಿದ್ಯುತ್ ವಾಹನಗಳ ಒಳಗೆ ಇರುವುದು ಪ್ಲಾಸ್ಟಿಕ್ಕಿನ ಪೊರೆ, ಅದರ ಮೈಮೇಲೆ ಎರಡು ಮೂರು ಮೈಕ್ರಾನ್ ಕುರಂದ ಅಥವಾ ಬೋಮೈಟ್.